ಸಂಗೀತಾಭ್ಯಾಸವೂ ಪರೀಕ್ಷಾಭೀತಿಯೂ

ಪುಷ್ಯಮಾಸದ ಕೃಷ್ಣಪಕ್ಷವನ್ನು ನಮ್ಮ ನಾಡಿನಲ್ಲಿ ಗಾನದ ಪಕ್ಷವೆಂದು ಕರೆದರೆ ತಪ್ಪಾಗಲಾರದು. ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ. ಅಲ್ಲಿಂದ ಹತ್ತು ದಿನಕ್ಕೆ, ಅಮಾವಾಸ್ಯೆಯಂದು, ಶ್ರೀಪುರಂದರದಾಸರ ಪುಣ್ಯದಿನ. ಊರೂರಿನ ದೇವಾಲಯಗಳಲ್ಲಿ, ಮಠಗಳಲ್ಲಿ ಮಕ್ಕಳು ಸಾಲಾಗಿ ಕುಳಿತು ದೇವರನಾಮಗಳನ್ನು ಹಾಡುವುದನ್ನು ವಾಚಕರೆಲ್ಲರೂ ಕಂಡವರೇ. ಆ ಸಾಲನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಎಂಟು, ಹತ್ತು, ಹನ್ನೆರಡು ವರ್ಷದ ಮಕ್ಕಳು ಅಲ್ಲಿ ಧಾರಾಳ, ಹದಿಮೂರರವರು ಕೆಲವರು, ಹದಿನೈದು ಹದಿನಾರರವರು ಇಲ್ಲವೆಂಬಷ್ಟು ವಿರಳ. ಅವರೆಲ್ಲಿ ಹೋದರೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರವು ಎಲ್ಲರಿಗೂ ಗೊತ್ತಿದೆ. ಅದೇ ಪಕ್ಷದ ಆಸುಪಾಸಿನಲ್ಲಿ ಶಾಲೆಗಳಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಅದರ ಬೆನ್ನಿಗೇ ವಾರ್ಷಿಕ ಪರೀಕ್ಷೆ. "ಈ ವರ್ಷ ಹತ್ತನೆಯ ತರಗತಿ, ಸಂಗೀತ ಬಿಡಿಸಿದ್ದೇವೆ" ಎಂದು ತಾಯಿ ಹೇಳಿದರೆ, ಕೇಳಿದವರು ತಲೆದೂಗಿ ಮುಂದೆ ಹೋಗುತ್ತಾರೆ.

ಇನ್ನೊಂದು ಬಗೆಯ ಮಕ್ಕಳೂ ಇದ್ದಾರೆ. ಇವರಿಗೆ ಸಂಗೀತವನ್ನು ಬಿಡಿಸಿಲ್ಲ. ಬದಲಿಗೆ ಅದರಲ್ಲಿಯೂ ಪರೀಕ್ಷೆಯನ್ನು ಕಟ್ಟಿಸಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಯುವಷ್ಟರಲ್ಲಿ ಜೂನಿಯರ್ ಆಗಿರಬೇಕು, ಪಿ.ಯು.ಸಿ. ಮುಗಿಯುವಷ್ಟರಲ್ಲಿ ಸೀನಿಯರ್ ಆಗಿರಬೇಕು ಎಂಬ ಲೆಕ್ಕ ಮನೆಯಲ್ಲಿ ಮೊದಲೇ ಸಿದ್ಧವಾಗಿದೆ. ಬೆಳಿಗ್ಗೆ ಟ್ಯೂಶನ್, ಹಗಲೆಲ್ಲ ಶಾಲೆ, ಸಂಜೆ ಪಾಠ, ರಾತ್ರಿ ಲಕ್ಷಣದ ಪುಸ್ತಕ. ಒಂದು ಮನೆಯಲ್ಲಿ ಗಾನವು ಪರೀಕ್ಷೆಗಾಗಿ ನಿಂತಿತು. ಮತ್ತೊಂದು ಮನೆಯಲ್ಲಿ ಗಾನವೇ ಪರೀಕ್ಷೆಯಾಯಿತು. ಹೊರನೋಟಕ್ಕೆ ಇವೆರಡೂ ವಿರುದ್ಧ ಮಾರ್ಗಗಳು. ವಿಚಾರಿಸಿದರೆ ಎರಡರ ಮೂಲವೂ ಒಂದೇ ಎಂದು ತೋರುತ್ತದೆ. ಮಗುವಿನ ಕಂಠದಲ್ಲಿರುವ ಈ ವಸ್ತು ಯಾರದು, ಯಾರ ಪ್ರೀತ್ಯರ್ಥವಾದದ್ದು ಎಂಬ ಪ್ರಶ್ನೆಯನ್ನು ಎರಡು ಮನೆಗಳಲ್ಲಿಯೂ ಯಾರೂ ಕೇಳಿಕೊಂಡಿಲ್ಲ. ಪ್ರಕೃತ ಲೇಖನದಲ್ಲಿ ಆ ಪ್ರಶ್ನೆಯನ್ನೇ ಕೇಳಿಕೊಳ್ಳಲು ಉದ್ದೇಶಿಸಿದೆ.

ಮೊದಲಿಗೆ ಒಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ಪರೀಕ್ಷೆಯೆಂಬುದೇ ಪರದೇಶದಿಂದ ಬಂದ ಪಿಡುಗು, ನಮ್ಮ ಗುರುಕುಲಗಳಲ್ಲಿ ಇಂಥ ಭೀತಿಗೆ ಎಡೆಯೇ ಇರಲಿಲ್ಲ ಎಂದು ವೇದಿಕೆಗಳ ಮೇಲೆ ಹೇಳುವವರುಂಟು. ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ಶಲಾಕಾಪರೀಕ್ಷೆಯೆಂಬುದು ನಮ್ಮಲ್ಲಿಯೇ ಇತ್ತು. ಓಲೆಗರಿಯ ಕಟ್ಟಿನೊಳಗೆ ಕಡ್ಡಿಯೊಂದನ್ನು ತೂರಿಸಿ, ಅದು ಯಾವ ಪತ್ರದಲ್ಲಿ ನಿಂತಿತೋ ಆ ಪತ್ರದ ವಿಷಯವನ್ನು ವಿದ್ಯಾರ್ಥಿಯು ಅಲ್ಲಿಯೇ ವಿವರಿಸಬೇಕಾಗಿತ್ತು. ಅದಕ್ಕಿಂತ ಕಠಿನವಾದ ಪರೀಕ್ಷೆಯನ್ನು ಇಂದಿನ ಯಾವ ಮಂಡಳಿಯೂ ನಡೆಸುತ್ತಿಲ್ಲ. ಶ್ರೀಮದಾಚಾರ್ಯರ ಅನುವ್ಯಾಖ್ಯಾನಕ್ಕೆ ಶ್ರೀಜಯತೀರ್ಥರು ರಚಿಸಿದ ನ್ಯಾಯಸುಧೆಯ ಅಧ್ಯಯನವನ್ನು ಮುಗಿಸಿದ ವಿದ್ಯಾರ್ಥಿಗಳು ಸುಧಾಮಂಗಳದ ಸಂದರ್ಭದಲ್ಲಿ ವಿದ್ವತ್ಸಭೆಯ ಮುಂದೆ ಕುಳಿತು ವಾಕ್ಯಾರ್ಥಕ್ಕೆ ಉತ್ತರ ಹೇಳುವುದನ್ನು ಇಂದಿಗೂ ನಮ್ಮ ಮಠಗಳಲ್ಲಿ ಕಾಣುತ್ತೇವೆ. ಆ ದಿನ ಆ ಯುವಕರ ಬಾಯಿ ಒಣಗುವುದಿಲ್ಲವೆ? ಒಣಗುತ್ತದೆ. ಪಾಠಶಾಲೆಯ ಜಗಲಿಯಲ್ಲಿ ಕುಳಿತು ಮಂತ್ರವನ್ನು ಒಪ್ಪಿಸಿದ ಯಾರಿಗಾದರೂ ಭಯವೆಂದರೇನೆಂದು ಗೊತ್ತಿದೆ. ಸ್ವರ ತಪ್ಪಿದರೆ ಗುರುಗಳ ಹುಬ್ಬು ಮೇಲೇರುವುದನ್ನು ಕಣ್ಣು ಮುಚ್ಚಿಕೊಂಡಿದ್ದರೂ ಕಾಣಬಹುದಾಗಿತ್ತು.

ಆದ್ದರಿಂದ ಪರೀಕ್ಷೆಯು ದೋಷವಲ್ಲ, ಭಯವೂ ತಾನಾಗಿಯೇ ದೋಷವಲ್ಲ. ಭೇದವಿರುವುದು ಬೇರೆಡೆ. ಸುಧೆಯ ಪರೀಕ್ಷೆಯು ಅನೇಕ ವರ್ಷಗಳ ಪಾಠವು ಪಕ್ವವಾದ ಮೇಲೆ ಬರುತ್ತದೆ. ಇವನು ಸಿದ್ಧನಾದನೆಂದು ಗುರುಗಳು ನಿರ್ಣಯಿಸುತ್ತಾರೆಯೇ ಹೊರತು ಪಂಚಾಂಗವಲ್ಲ. ಕೇಳುವವರೂ ಆ ಗ್ರಂಥವನ್ನು ಓದಿ, ಅದೇ ಪಂಕ್ತಿಯಲ್ಲಿ ಒಮ್ಮೆ ತೊದಲಿದವರು. ಉತ್ತರ ತಪ್ಪಾದರೆ ತಿದ್ದುವುದು ಪಂಕ್ತಿಯ ಅರ್ಥವನ್ನು; ವಿದ್ಯಾರ್ಥಿಯ ಬೆಲೆಯನ್ನಲ್ಲ. ಇಂದಿನ ಮಗುವಿಗಾದರೋ ಪರೀಕ್ಷೆಯು ವಯಸ್ಸಿನ ಲೆಕ್ಕದಲ್ಲಿ ಬರುತ್ತದೆ. ಹದಿನಾರನೆಯ ವರ್ಷ ಬಂದಿತು, ಆದಕಾರಣ ಬರೆಯಬೇಕು. 625ಕ್ಕೆ ಎಷ್ಟು ಬಂದಿತೆಂಬ ಒಂದು ಸಂಖ್ಯೆಯನ್ನು ನೆಂಟರು, ನೆರೆಯವರು, ಮದುವೆಮನೆಯ ಊಟದ ಪಂಕ್ತಿಯವರು ಎಲ್ಲರೂ ಕೇಳುತ್ತಾರೆ. ಆ ಸಂಖ್ಯೆಯು ಉತ್ತರಪತ್ರಿಕೆಗೆ ಸಂಬಂಧಿಸಿದ್ದೆಂಬುದನ್ನು ಮರೆತು ಮಗುವಿಗೇ ಸಂಬಂಧಿಸಿದ್ದೆಂದು ಭಾವಿಸುವ ಸಮಾಜದಲ್ಲಿ, ಮಗುವೂ ಹಾಗೆಯೇ ಭಾವಿಸಿದರೆ ಅದರ ತಪ್ಪೇನು?

ಇನ್ನು ಸಂಗೀತದ ಪರೀಕ್ಷೆಯ ವಿಚಾರ. ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಕ್ರಮದಲ್ಲಿ ಈ ಪರೀಕ್ಷೆಗಳು ಬಹುಕಾಲದಿಂದ ನಡೆದು ಬಂದಿವೆ. ಇವುಗಳಿಂದ ಉಪಕಾರವಾಗಿಲ್ಲವೆಂದರೆ ಕೃತಘ್ನತೆಯಾದೀತು. ಸಣ್ಣ ಊರಿನ ಮಗುವಿಗೂ ಒಂದು ಪಾಠಕ್ರಮ ಸಿಕ್ಕಿತು. ಸರಳೆ, ಜಂಟಿ, ಅಲಂಕಾರಗಳನ್ನು ಹಾರಿಸಿ ನೇರವಾಗಿ ದೇವರನಾಮಕ್ಕೆ ಜಿಗಿಯುವ ಚಾಪಲ್ಯಕ್ಕೆ ಕಡಿವಾಣ ಬಿದ್ದಿತು. ಲಕ್ಷ್ಯದೊಡನೆ ಲಕ್ಷಣವೂ ಬೇಕೆಂಬ ತಿಳಿವಳಿಕೆ ಮನೆಮನೆಗೆ ಬಂದಿತು. ಆದರೆ ಪರೀಕ್ಷಕರ ಮುಂದೆ ಮಗು ಹಾಡುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಶ್ರುತಿಶುದ್ಧಿ, ತಾಳದ ನಿಲುವು, ಪಾಠಾಂತರದ ನಿಷ್ಠೆ ಇವುಗಳನ್ನು ಅಳೆಯಬಹುದು. ಆ ಹಾಡು ಹಾಡುವವಳಲ್ಲಿ ಏನನ್ನು ಬೆಳೆಸಿದೆ ಎಂಬುದನ್ನು ಅಳೆಯಲು ಸಾಧ್ಯವಿಲ್ಲ. ಪರೀಕ್ಷಕರು ಅಳೆಯುತ್ತೇವೆಂದು ಹೇಳಿಯೂ ಇಲ್ಲ. ಹಾಗೆ ಹೇಳುವವರು ನಾವು.

ಲಕ್ಷಣದ ಪತ್ರಿಕೆಯಲ್ಲಿ ಒಂದು ವಿನೋದವುಂಟು. ಏಳು ತಾಳಗಳು ಐದು ಜಾತಿಗಳಿಂದ ಮೂವತ್ತೈದಾಗುವ ಬಗೆ, ಎಪ್ಪತ್ತೆರಡು ಮೇಳಕರ್ತಗಳ ಚಕ್ರ ಇತ್ಯಾದಿಗಳ ನಡುವೆ ವಾಗ್ಗೇಯಕಾರರ ಚರಿತ್ರೆಯೂ ಇರುತ್ತದೆ. ನವಕೋಟಿಯನ್ನು ತೃಣವೆಂದು ಬಿಟ್ಟು ತಂಬೂರಿ ಹಿಡಿದು ಹೊರಟ ಶ್ರೀನಿವಾಸನಾಯಕರ ಕಥೆಯನ್ನು, ಒಂದೂವರೆ ಪುಟಕ್ಕೆ ಇಳಿಸಿ, ಕೆಲವು ಅಂಕಗಳಿಗಾಗಿ ಉರುಹೊಡೆಯುವ ಮಗುವನ್ನು ದಾಸರು ನೋಡಿದರೆ ನಗುತ್ತಿದ್ದರೋ ಮರುಗುತ್ತಿದ್ದರೋ ತಿಳಿಯದು.

ದಾಸರ ಹೆಸರು ಬಂದುದರಿಂದ ಅವರು ಹಾಕಿಕೊಟ್ಟ ಪಾಠಕ್ರಮವನ್ನೇ ಸ್ವಲ್ಪ ನೋಡೋಣ. ಸಂಗೀತದ ಮೊದಲ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಅಳವಡಿಸಿದವರು ಶ್ರೀಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ಕರ್ನಾಟಕ ಸಂಗೀತ ಪಿತಾಮಹರೆಂಬ ಬಿರುದು ಅವರಿಗೆ ಸಂದಿರುವುದು ಇದಕ್ಕಾಗಿಯೇ. ಆ ರಾಗದ ವೈಶಿಷ್ಟ್ಯವೇನು? ಷಡ್ಜದಿಂದ ಮಧ್ಯಮದವರೆಗಿನ ನಾಲ್ಕು ಸ್ವರಗಳ ನಡುವಣ ಅಂತರಗಳು ಯಾವ ಕ್ರಮದಲ್ಲಿವೆಯೋ ಪಂಚಮದಿಂದ ಮೇಲಿನ ಷಡ್ಜದವರೆಗಿನ ನಾಲ್ಕರಲ್ಲಿಯೂ ಅದೇ ಕ್ರಮ. ಎರಡು ಅರ್ಧಗಳೂ ಒಂದೇ ಅಚ್ಚಿನವು. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧವು ಅರ್ಧ ಪರಿಚಿತವಾಗಿಯೇ ಬರುತ್ತದೆ. ಅನಂತರ ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ. ವರಸೆ ಅದೇ, ವೇಗ ಮಾತ್ರ ಇಮ್ಮಡಿ. ಬಳಿಕ ಜಂಟಿ, ಅಲಂಕಾರ, ಮಲಹರಿಯ ಪುಟ್ಟ ಗೀತೆಗಳು. ನಿನ್ನೆಯ ಮೆಟ್ಟಿಲಿನ ಮೇಲೆ ಭದ್ರವಾಗಿ ನಿಂತು ಇಂದಿನ ಮೆಟ್ಟಿಲಿಗೆ ಕಾಲಿಡುವ ಈ ವ್ಯವಸ್ಥೆಯಲ್ಲಿ ಮಗುವು ತನ್ನನ್ನು ಹೋಲಿಸಿಕೊಳ್ಳುವುದು ತನ್ನ ನಿನ್ನೆಯೊಡನೆಯೇ. ಪಕ್ಕದ ಮನೆಯ ಮಗುವಿಗೆ ಈ ಕ್ರಮದಲ್ಲಿ ಸ್ಥಾನವಿಲ್ಲ. ಬಾಲಶಿಕ್ಷಣವನ್ನು ಇದಕ್ಕಿಂತ ಕರುಣೆಯಿಂದ ಕಲ್ಪಿಸಿದವರು ಅಪರೂಪ. ಅದೇ ಸರಳೆಯನ್ನು ಹೇಳಿಸುತ್ತ "ಅವಳು ಆಗಲೇ ವರ್ಣಕ್ಕೆ ಬಂದಳು, ನೀನಿನ್ನೂ ಇಲ್ಲಿಯೇ" ಎಂದು ಮೂದಲಿಸಿದರೆ, ದಾಸರು ಕಟ್ಟಿದ ಮೆಟ್ಟಿಲುಗಳನ್ನು ನಾವೇ ಓಟದ ಪಂದ್ಯದ ಅಂಕಣವನ್ನಾಗಿ ಮಾಡಿದಂತಾಯಿತು.

ಭೀತಿಯು ಕಂಠದ ಮೇಲೆ ಏನು ಮಾಡುತ್ತದೆಂಬುದನ್ನು ತಂದೆತಾಯಿಗಳು ಅಗತ್ಯವಾಗಿ ತಿಳಿಯಬೇಕು. ಬರವಣಿಗೆಯ ಪರೀಕ್ಷೆಯಲ್ಲಿ ಅಂಜಿದ ಮಗುವಿನ ಕೈ ಕೊಂಚ ನಡುಗಿದರೂ ಅಕ್ಷರವು ಅಕ್ಷರವಾಗಿಯೇ ಇರುತ್ತದೆ. ಹಾಡುವವನಿಗೆ ಶರೀರವೇ ವಾದ್ಯ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ದ್ರವ್ಯವು ಸ್ರವಿಸಿ ಎದೆಬಡಿತವೇರುತ್ತದೆ, ನಾಭಿಯಿಂದ ಏಳಬೇಕಾದ ಉಸಿರು ಎದೆಯ ಮೇಲ್ಭಾಗದಲ್ಲಿಯೇ ಸುಳಿದಾಡುತ್ತದೆ, ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತವೆ, ಬಾಯಿ ಒಣಗುತ್ತದೆ. ದೀರ್ಘವಾದ ಷಡ್ಜವನ್ನು ನಿಲ್ಲಿಸಲು ಬೇಕಾದ ಒಂದೊಂದು ಸಾಮಗ್ರಿಯನ್ನೂ ಭಯವು ಹೀಗೆ ಹೊತ್ತೊಯ್ಯುತ್ತದೆ. ಮನೆಯಲ್ಲಿ ಚೆನ್ನಾಗಿ ಹಾಡಿ ಪರೀಕ್ಷೆಯಲ್ಲಿ ಕೆಟ್ಟ ಮಗುವನ್ನು ಅಭ್ಯಾಸ ಸಾಲದೆಂದು ಗದರಿಸುವುದು ಸಾಮಾನ್ಯ. ಅಭ್ಯಾಸವು ಸಾಕಷ್ಟಿತ್ತು, ಉಸಿರು ಸಾಲಲಿಲ್ಲ ಎಂಬುದು ಎಷ್ಟೋ ಸಲ ನಿಜವಾದ ಕಾರಣ.

ಹಾಗೆಂದು ಭಯವನ್ನು ಸಂಪೂರ್ಣವಾಗಿ ನೀಗಬೇಕೆಂದೇನೂ ಇಲ್ಲ. ಯೆರ್ಕ್ಸ್ ಮತ್ತು ಡಾಡ್‌ಸನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯವನ್ನು ಹೊರಗೆಡಹಿದರು. ಕಠಿನವಾದ ಕೆಲಸವನ್ನು ಕಲಿಯುವಾಗ ಪ್ರಚೋದನೆಯು ತೀರ ಕಡಿಮೆಯಾದರೂ ಕಲಿಕೆ ಕುಂಟುತ್ತದೆ, ಮಿತಿಮೀರಿದರೂ ಕುಂಟುತ್ತದೆ. ಮಧ್ಯಮವಾದಾಗ ಚೆನ್ನಾಗಿ ಸಾಗುತ್ತದೆ. ಬಿ.ಎ. ತರಗತಿಯ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಈ ನಿಯಮವು ಅಚ್ಚಾಗಿರುತ್ತದೆ. ತಂಬೂರಿಯ ತಂತಿಯನ್ನು ಮೀಟಿದವರಿಗಂತೂ ಇದು ಹೊಸದಲ್ಲ. ಸಡಿಲವಾದರೆ ನಾದವಿಲ್ಲ, ಬಿಗಿದರೆ ತಂತಿಯಿಲ್ಲ.

ಗಂಡುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ಇಲ್ಲಿ ಸೇರಿಸಲೇಬೇಕು, ಏಕೆಂದರೆ ಇದನ್ನರಿಯದೆ ಎಷ್ಟೋ ಹುಡುಗರು ಸಂಗೀತವನ್ನು ಶಾಶ್ವತವಾಗಿ ತೊರೆದಿದ್ದಾರೆ. ಸುಮಾರು ಹನ್ನೆರಡರಿಂದ ಹದಿನೈದನೆಯ ವರ್ಷದೊಳಗೆ ಹುಡುಗರ ಧ್ವನಿಪೆಟ್ಟಿಗೆಯು ಬೇಗ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಕಂಠವು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇಳಿಯುವಾಗ ಒಡೆಯುತ್ತದೆ, ಒಂದು ಸ್ವರ ಬಾಲಕನದು, ಮುಂದಿನದು ಗಂಡಸಿನದು. ನಿನ್ನೆಯವರೆಗೆ ತಾರಷಡ್ಜವನ್ನು ಹೂವೆತ್ತಿದಂತೆ ಮುಟ್ಟುತ್ತಿದ್ದವನಿಗೆ ಇಂದು ಪಂಚಮವೇ ಬೆಟ್ಟ. ಈ ಕಾಲದಲ್ಲಿ ಶ್ರುತಿಯನ್ನು ಇಳಿಸಿ, ಅಭ್ಯಾಸವನ್ನು ತಗ್ಗಿಸಿ, ಮಂದ್ರಮಧ್ಯಗಳಲ್ಲಿಯೇ ಮೆಲ್ಲಗೆ ನಡೆಸಬೇಕು. ಹಳೆಯ ಶ್ರುತಿಯಲ್ಲಿಯೇ ಕೂಗಿಸಿದರೆ ಕಂಠಕ್ಕೆ ಅಪಾಯ. ಪ್ರಕೃತಿಯು ಹೀಗೆ ಸ್ವಲ್ಪ ಕಾಲ ತಾಳ್ಮೆಯನ್ನು ಬೇಡುವ ಸಮಯದಲ್ಲಿಯೇ ಪರೀಕ್ಷೆಯ ಅರ್ಜಿಯು ಬರುತ್ತದೆ. ಆ ಹುಡುಗನು ನಾಚಿ, ಸಿಟ್ಟಾಗಿ, "ನನಗೆ ಸಂಗೀತ ಬೇಡ" ಎನ್ನುತ್ತಾನೆ. ಮನೆಯವರು ಅದನ್ನು ಉದ್ಧಟತನವೆಂದು ಬಗೆಯುತ್ತಾರೆ. ಹೆಣ್ಣುಮಕ್ಕಳ ಕಂಠವೂ ಈ ವಯಸ್ಸಿನಲ್ಲಿ ಬದಲಾಗುತ್ತದೆ, ಆದರೆ ಅಷ್ಟು ಎದ್ದುಕಾಣುವಂತೆ ಅಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಮಕ್ಕಳನ್ನು ಹಿಂಡುತ್ತಿರುವುದು ವರ್ಷಕ್ಕೊಮ್ಮೆ ಬರುವ ಪರೀಕ್ಷಕರಲ್ಲ. ಮನೆಯೊಳಗೆ ದಿನವೂ ಕುಳಿತಿರುವ ಪರೀಕ್ಷಕರು. ಮಗು ಹಾಡಲು ಬಾಯ್ದೆರೆದರೆ ಸಾಕು, ಮೊಬೈಲ್ ಎದ್ದು ನಿಲ್ಲುತ್ತದೆ. ಹಾಡು ಮುಗಿಯುವಷ್ಟರಲ್ಲಿ ವಾಟ್ಸಾಪಿನ ಮೂಲಕ ದೊಡ್ಡಪ್ಪ, ಸೋದರತ್ತೆ, ಅಮೆರಿಕದ ಚಿಕ್ಕಮ್ಮ ಎಲ್ಲರಿಗೂ ತಲುಪಿ ಅವರ ಅಭಿಪ್ರಾಯಗಳು ಬರತೊಡಗುತ್ತವೆ. ದೇವರ ಮುಂದೆ ಆರತಿಯ ಹೊತ್ತಿನಲ್ಲಿ ಹಾಡಿದ್ದೂ ಹೀಗೆಯೇ ಊರಾಡುತ್ತದೆ. ಶಾಲೆಯಿಂದ ಬಂದ ಮಗುವನ್ನು ಕೇಳುವ ಮೊದಲ ಪ್ರಶ್ನೆ "ಎಷ್ಟು ಬಂತು?" ಸಂಗೀತದಿಂದ ಬಂದ ಮಗುವನ್ನು ಕೇಳುವ ಪ್ರಶ್ನೆ "ಎಲ್ಲಿಯವರೆಗೆ ಬಂತು?" ಯಾರೂ ತೂಗದೆ ಇರುವ ಒಂದು ಗಳಿಗೆ, ಯಾರೂ ಅಳೆಯದೆ ಕೇಳುವ ಒಬ್ಬ ಶ್ರೋತೃ ಆ ಮಗುವಿಗೆ ಇಡೀ ದಿನದಲ್ಲಿ ದೊರೆಯುವುದಿಲ್ಲ. ಎಲ್ಲಿಯೂ ತಕ್ಕಡಿಯೇ ಆದಾಗ ಮಗುವು ಒಂದು ನಿರ್ಣಯಕ್ಕೆ ಬರುತ್ತದೆ. ತಾನು ತೂಗುವಷ್ಟೇ ತಾನು. ಕಡಿಮೆ ತೂಗಿದರೆ ಕಡಿಮೆಯವನು. ಏನೂ ತೂಗದಿದ್ದರೆ ಏನೂ ಅಲ್ಲ. ಸುಳ್ಳು ನಿರ್ಣಯವೇ ಹೌದು. ಆದರೆ ಅದಕ್ಕೆ ಬೇಕಾದ ಸಾಕ್ಷ್ಯವನ್ನೆಲ್ಲ ಒದಗಿಸಿದವರು ನಾವು.

ಇಲ್ಲೊಬ್ಬರು ಎದ್ದು ಆಕ್ಷೇಪಿಸಬಹುದು. "ನಮ್ಮ ಸಿದ್ಧಾಂತವೇ ತಾರತಮ್ಯವನ್ನು ಹೇಳುತ್ತದಲ್ಲ? ಜೀವರಲ್ಲಿ ಉಚ್ಚನೀಚ ಭಾವವು ಸ್ವಾಭಾವಿಕವೆಂದ ಮೇಲೆ ಮಕ್ಕಳನ್ನು ಮೊದಲನೆಯವರು, ಎರಡನೆಯವರು ಎಂದು ವಿಂಗಡಿಸುವುದರಲ್ಲಿ ದೋಷವೇನು?" ಈ ಆಕ್ಷೇಪವು ಆಗಾಗ ಹಾಸ್ಯದ ರೂಪದಲ್ಲಿಯೂ ಕೇಳಿಬರುವುದುಂಟು. ಇದಕ್ಕೆ ಸಮಾಧಾನವನ್ನು ಹೇಳಲೇಬೇಕು. ತಾರತಮ್ಯವಿರುವುದು ಜೀವನ ಸ್ವರೂಪಯೋಗ್ಯತೆಯಲ್ಲಿ. ಅದನ್ನು ಪೂರ್ಣವಾಗಿ ಬಲ್ಲವನು ಸರ್ವಜ್ಞನಾದ ಪರಮಾತ್ಮನೊಬ್ಬನೇ. ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದಲ್ಲವೆ? ಒಬ್ಬ ಜೀವನು ಮತ್ತೊಬ್ಬನಂತಲ್ಲ, ಒಬ್ಬನ ಆನಂದವು ಮತ್ತೊಬ್ಬನ ಆನಂದವಲ್ಲ, ಪ್ರತಿಯೊಬ್ಬನಿಗೂ ಅವನದೇ ಆದ ಪೂರ್ತಿಯುಂಟು. ಚಿಕ್ಕ ಪಾತ್ರೆ ತುಂಬಿದರೂ ತುಂಬಿದ್ದೇ, ದೊಡ್ಡ ಪಾತ್ರೆ ತುಂಬಿದರೂ ತುಂಬಿದ್ದೇ. ಈ ತತ್ತ್ವವನ್ನು ಬಾಯಲ್ಲಿ ಹೇಳುವ ನಾವು, ಇಬ್ಬರು ಮಕ್ಕಳನ್ನು ಒಂದೇ ಅಳತೆಗೋಲಿನ ಎದುರು ನಿಲ್ಲಿಸಿ, ಎತ್ತರದಲ್ಲಿ ಕಡಿಮೆಯಾದವನನ್ನು ಕುಗ್ಗಿಸಿದರೆ, ಆಚರಣೆಯಲ್ಲಿ ಜೀವಜೀವಭೇದವನ್ನು ಅಲ್ಲಗಳೆದಂತೆಯೇ ಆಯಿತು. ಅಂಕಪಟ್ಟಿಯನ್ನು ನೋಡಿ ಯೋಗ್ಯತೆಯನ್ನು ನಿರ್ಣಯಿಸುವುದು ಜೀವನಿಗಿಲ್ಲದ ಸರ್ವಜ್ಞತ್ವವನ್ನು ತನಗೆ ಆರೋಪಿಸಿಕೊಂಡಂತೆ. ತಾರತಮ್ಯಜ್ಞಾನವಿರುವವನೇ ಮಗುವನ್ನು ನೆರೆಯವನ ಮಗುವಿನೊಡನೆ ಹೋಲಿಸಲು ಎಲ್ಲರಿಗಿಂತ ಹೆಚ್ಚು ಹಿಂಜರಿಯಬೇಕು.

ಎರಡನೆಯ ಆಕ್ಷೇಪವು ಹೆಚ್ಚು ವ್ಯಾವಹಾರಿಕವಾದದ್ದು. ಒತ್ತಾಯವಿಲ್ಲದೆ ಯಾವ ಮಗುವೂ ಕೂತು ಅಕಾರಸಾಧನೆ ಮಾಡುವುದಿಲ್ಲ. ಫಲದ ಆಸೆಯನ್ನು ತೋರಿಸದೆ ಯಾರೂ ಓದುವುದಿಲ್ಲ. ಆದ್ದರಿಂದ ಇವೆಲ್ಲ ಪುರಾಣದ ಮಾತು ಎಂಬುದು ಅದರ ಸಾರ. ಇದರಲ್ಲಿ ಅರ್ಧ ಸತ್ಯವಿದೆ. ಎಳೆಯರಿಗೆ ನಿಯಮವು ಬೇಕು, ಹೊತ್ತಿಗೆ ಸರಿಯಾಗಿ ಕೂರಿಸುವವರು ಬೇಕು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಫಲದ ಮೇಲೆ ಅಧಿಕಾರವಿಲ್ಲವೆಂದು ಹೇಳಿದ ಕೃಷ್ಣನೇ ಕರ್ಮವನ್ನು ಬಿಡಬೇಡವೆಂದೂ ಹೇಳಿದ್ದಾನೆ. ಎರಡನೆಯದನ್ನು ಮರೆತು ಮೊದಲನೆಯದನ್ನು ಮಾತ್ರ ಹಿಡಿದರೆ ಅದು ಸೋಮಾರಿಗಳ ಗೀತೆ. ಹರಿಯೇ ಕರ್ತೃವೆಂಬ ಅನುಸಂಧಾನವು ಕಾಲಕ್ಕೆ ಸರಿಯಾಗಿ ಪುಸ್ತಕ ತೆರೆಯದವನಿಗೆ ಕವಚವಾಗಲಾರದು. ಆದರೆ ನಿಯಮವು ಬೇರೆ, ಬೆದರಿಕೆಯು ಬೇರೆ. "ಆರು ಗಂಟೆಗೆ ಕುಳಿತುಕೋ" ಎಂಬುದು ನಿಯಮ. "ಮೊದಲ ದರ್ಜೆ ಬರದಿದ್ದರೆ ನಮ್ಮ ಮುಖ ಹೇಗೆ ತೋರಿಸುವುದು" ಎಂಬುದು ಬೆದರಿಕೆ. ಅಲ್ಲಿ ಮುಖ ತಂದೆಯದು, ಹೊರೆ ಮಗಳದು.

ಓದು, ಸಂಗೀತ ಎರಡನ್ನೂ ಒಟ್ಟಿಗೆ ನಡೆಸಲಾಗದೆಂಬ ಮಾತಿಗೆ ಮೈಸೂರು ವಾಸುದೇವಾಚಾರ್ಯರ ಬಾಳೇ ಉತ್ತರವಾಗಿದೆ. 1865ರಲ್ಲಿ ಜನಿಸಿ 1961ರವರೆಗೆ ಬಾಳಿದ ಅವರು ತಾರುಣ್ಯದಲ್ಲಿ ಮೈಸೂರಿನಲ್ಲಿ ಸಂಸ್ಕೃತಾಧ್ಯಯನವನ್ನೂ ಸಂಗೀತಾಭ್ಯಾಸವನ್ನೂ ನಡೆಸಿದವರು. ಮುಂದೆ ಅರಮನೆಯ ಆಶ್ರಯದಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಶಿಷ್ಯತ್ವವನ್ನು ಪಡೆದರು. ಅವರ ಕೃತಿಗಳ ಸಂಸ್ಕೃತವನ್ನು ಬಲ್ಲವರಿಗೆ, ಅವರ ಒಂದು ವಿದ್ಯೆ ಮತ್ತೊಂದನ್ನು ಕೆಡಿಸಲಿಲ್ಲ, ಬೆಳಗಿಸಿತು ಎಂಬುದನ್ನು ಹೇಳಬೇಕಾಗಿಲ್ಲ. ಮತ್ತೊಂದು ಬಗೆಯ ಉದಾಹರಣೆ ಭೀಮಸೇನ ಜೋಶಿಯವರದು. ಗುರುವನ್ನು ಅರಸಿಕೊಂಡು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗದಗಿನ ಮನೆಯನ್ನೇ ಬಿಟ್ಟು ಹೊರಟ ಬಾಲಕ ಅವರು. ಈ ಕಥೆಯನ್ನು ಹೇಳುವವರು ಹುಡುಗನ ಸಾಹಸವನ್ನೇ ಹೊಗಳುತ್ತಾರೆ. ಆದರೆ ಮನೆ ಬಿಟ್ಟ ಹುಡುಗರೆಲ್ಲ ಭೀಮಸೇನರಾಗುವುದಿಲ್ಲ. ಇಲ್ಲಿ ಗಮನಾರ್ಹನಾದವನು ತಂದೆ. ಶಿಕ್ಷಕರಾಗಿದ್ದ ಆ ಗುರುರಾಜ ಜೋಶಿಯವರು ಮಗನನ್ನು ದೂರದ ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು. 1936ರಲ್ಲಿ ಆ ಮಗನು ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದನು. ಮಗನ ಸ್ವಭಾವವು ಯಾವುದೆಂದು ಕಂಡಮೇಲೆ ತಂದೆಯು ದಾರಿಗೆ ಅಡ್ಡ ನಿಲ್ಲಲಿಲ್ಲ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ದಾಸರ ಪದಗಳು ಆ ಕಂಠದಿಂದ ಎಷ್ಟು ಮನೆಗಳನ್ನು ತಲುಪಿದವೆಂಬುದು ವಾಚಕರಿಗೆ ವಿದಿತವೇ ಇದೆ.

ಇದೇ ನ್ಯಾಯವು ತಿರುಗಿಯೂ ಅನ್ವಯಿಸುತ್ತದೆ. ಕೆಲವು ಮಕ್ಕಳಿಗೆ ಸಂಗೀತದಲ್ಲಿ ನಿಜವಾಗಿ ಒಲವಿರುವುದಿಲ್ಲ. ತಾನು ಕಲಿಯಲಾಗದೆ ಹೋದುದನ್ನು ಮಗಳಿಂದ ಕಲಿಸಬೇಕೆಂಬ ತಾಯಿಯ ಹಂಬಲವು ಅರ್ಥವಾಗುವಂಥದೇ. ಆದರೂ ಅದು ತಾಯಿಯ ಹಂಬಲ. ಮೂರು ನಾಲ್ಕು ವರ್ಷ ಶ್ರದ್ಧೆಯಿಂದ ಕಲಿಸಿದ ಮೇಲೂ ಮಗುವಿನ ಮನಸ್ಸು ಒಡಂಬಡದಿದ್ದರೆ, ಗುರುಗಳಿಗೆ ಫಲತಾಂಬೂಲವನ್ನಿತ್ತು ನಮಸ್ಕರಿಸಿ ಪಾಠವನ್ನು ಗೌರವದಿಂದ ಮುಗಿಸುವುದರಲ್ಲಿ ಅವಮಾನವಿಲ್ಲ. ಒಳ್ಳೆಯ ಕೇಳುಗರೂ ಸಂಗೀತಕ್ಕೆ ಬೇಕಾದವರೇ.

ದೇವಾಲಯಗಳವರಾದ ನಾವೂ ನಮ್ಮ ಅಂಗಳವನ್ನು ಸ್ವಲ್ಪ ನೋಡಿಕೊಳ್ಳಬೇಕು. ಕಾಸರಗೋಡಿನ ಕನ್ನಡ ಕುಟುಂಬಗಳಿಗೆ ಕೇರಳದ ರಾಜ್ಯ ಶಾಲಾ ಕಲೋತ್ಸವವು ಸುಪರಿಚಿತ. 1950ರ ದಶಕದಲ್ಲಿ ಆರಂಭವಾದ ಆ ಉತ್ಸವದಿಂದ ಸಹಸ್ರಾರು ಮಕ್ಕಳಿಗೆ ಕಲೆಯ ಸಂಸ್ಕಾರ ದೊರೆತಿದೆ. ಆದರೆ ಬಹುಮಾನದೊಡನೆ ಶಾಲಾಪರೀಕ್ಷೆಗೆ ಕೃಪಾಂಕಗಳೂ ಸೇರಿದಾಗ ಸ್ಪರ್ಧೆಯು ಮಕ್ಕಳ ಕೈಯಿಂದ ಹಿರಿಯರ ಕೈಗೆ ಹೋಯಿತು. ತೀರ್ಪಿನ ವಿರುದ್ಧ ಅಪೀಲುಗಳು, ವಿವಾದಗಳು ಬೆಳೆದವು. 1980ರ ದಶಕದಲ್ಲಿ ಆರಂಭಿಸಿದ್ದ ಕಲಾತಿಲಕ, ಕಲಾಪ್ರತಿಭೆ ಎಂಬ ಬಿರುದುಗಳನ್ನು ಮುಂದೆ 2000ದ ದಶಕದಲ್ಲಿ ಕೈಬಿಡಬೇಕಾಯಿತು. ಸರಕಾರಿ ಉತ್ಸವವೇ ಇಷ್ಟನ್ನು ಕಂಡುಕೊಂಡ ಮೇಲೆ, ಭಗವಂತನ ಸನ್ನಿಧಿಯಲ್ಲಿ, ದಾಸರ ಪುಣ್ಯದಿನದಂದು, ಹರಿನಾಮವನ್ನು ಹಾಡಿದ ಮಕ್ಕಳಿಗೆ ಪ್ರಥಮ, ದ್ವಿತೀಯ, ಸಮಾಧಾನಕರ ಎಂದು ಬಹುಮಾನ ಹಂಚುವುದು ಎಷ್ಟು ಯುಕ್ತವೆಂದು ವಿಚಾರಿಸಬೇಡವೆ? ಸಮಾಧಾನಕರ ಬಹುಮಾನವೆಂಬ ಹೆಸರೇ ವಿಚಿತ್ರ. ಹಾಡಿದ ಮಗುವಿಗೆ ಸಮಾಧಾನ ಹೇಳಬೇಕಾದ ಸಂದರ್ಭವನ್ನು ನಾವೇ ಏಕೆ ಕಲ್ಪಿಸಬೇಕು? ದಾಸಸಾಹಿತ್ಯದ ಅರ್ಥಜ್ಞಾನದಲ್ಲಿ ಸ್ಪರ್ಧೆಯಿರಲಿ, ಕಂಠಪಾಠದಲ್ಲಿ ಬೇಕಾದರೂ ಇರಲಿ. ಆರಾಧನೆಯ ದಿನದ ಗಾನದಲ್ಲಿ ಬೇಡ. ಅಂದು ಹಾಡಿದವರೆಲ್ಲರಿಗೂ ಒಂದೇ ಪ್ರಸಾದ.

ಹತ್ತನೆಯ ತರಗತಿಯ ವರ್ಷ ಏನು ಮಾಡಬೇಕೆಂಬ ಪ್ರಶ್ನೆಯು ಉಳಿದಿದೆ. ಪೂರ್ತಿಯಾಗಿ ಬಿಡಿಸುವುದು ಸರಿಯಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಆ ವರ್ಷ ಹೊಸ ವರ್ಣ ಬೇಡ, ಕೃತಿ ಬೇಡ, ಸಂಗೀತದ ಪರೀಕ್ಷೆಯಂತೂ ಬೇಡವೇ ಬೇಡ. ಬೆಳಿಗ್ಗೆ ಅಥವಾ ದೀಪ ಹಚ್ಚುವ ಹೊತ್ತಿನಲ್ಲಿ ಹದಿನೈದು ನಿಮಿಷ ತಂಬೂರಿಯ ಶ್ರುತಿ, ಒಂದು ಸರಳೆ, ಕಲಿತ ಒಂದು ದೇವರನಾಮ ಇಷ್ಟು ಸಾಕು. ಯಾರೂ ತಿದ್ದಬಾರದು, ಯಾರೂ ಚಿತ್ರೀಕರಿಸಬಾರದು. ದೀರ್ಘವಾದ ಉಸಿರಿನಲ್ಲಿ ಷಡ್ಜವನ್ನು ಹಿಡಿದಾಗ ಎದೆಬಡಿತವು ಶಾಂತವಾಗುವುದು ಅನುಭವಸಿದ್ಧ. ಗಣಿತದ ಪುಸ್ತಕವನ್ನು ಮತ್ತೆ ತೆರೆಯುವ ಮನಸ್ಸು ಅಲ್ಲಿಂದ ಹಗುರವಾಗಿ ಏಳುತ್ತದೆ. ನಿದ್ರೆಯ ವಿಷಯದಲ್ಲಿಯೂ ಕೃಪಣತೆ ಸಲ್ಲದು. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಓದಿದ್ದೂ ಹಾಡಿದ್ದೂ ಸ್ಮೃತಿಯಲ್ಲಿ ನೆಲೆಗೊಳ್ಳುವುದು ಆ ನಿದ್ರೆಯಲ್ಲಿಯೇ.

ಇಷ್ಟೆಲ್ಲ ಹೇಳಲು ಕಾರಣವಾದ ಒಂದು ಕಠೋರ ಸಂಗತಿಯನ್ನು ಮರೆಮಾಚಬಾರದು. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ಸರಕಾರದ ಅಪರಾಧ ದಾಖಲೆಗಳ ವರದಿಯು ಹೇಳುತ್ತದೆ. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ. ಪರೀಕ್ಷೆಯ ಸೋಲು ಕಾರಣವಾದವರ ಸಂಖ್ಯೆಯೂ ಚಿಕ್ಕದಲ್ಲ. ನಮ್ಮ ಮನೆಗಳಲ್ಲಿ ಹಾಗಾಗದು ಎಂಬ ಧೈರ್ಯಕ್ಕೆ ಆಧಾರವಿಲ್ಲ. ಮಗು ಊಟ ಬಿಟ್ಟರೆ, ನಿದ್ರೆ ಬಿಟ್ಟರೆ, ಪ್ರಿಯವಾಗಿದ್ದ ಹಾಡನ್ನೂ ಬಿಟ್ಟು ಮೌನವಾಗಿ ಕೂತರೆ, "ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ" ಎಂಬ ಧಾಟಿಯಲ್ಲಿ ಮಾತನಾಡಿದರೆ, ಗ್ರಹಗತಿ ನೋಡಿಸುವುದಕ್ಕೆ ಮುಂಚೆ ಪಕ್ಕದಲ್ಲಿ ಕುಳಿತು ಕೇಳಬೇಕು, ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ. 14416 ಸಂಖ್ಯೆಗೆ ಹಗಲಿರುಳು ಯಾವಾಗ ಕರೆದರೂ ಕನ್ನಡದಲ್ಲಿಯೇ ಮಾತನಾಡಬಹುದು. ದೇವಾಲಯದ ಸೂಚನಾಫಲಕದಲ್ಲಿ ಏಕಾದಶಿ, ಪಾರಣೆಯ ಕಾಲಗಳೊಡನೆ ಈ ಸಂಖ್ಯೆಯನ್ನೂ ಬರೆದರೆ ಮಡಿಗೆ ಭಂಗವಾಗದು. ಶಾಲಾಪರೀಕ್ಷೆಯೂ ಒಂದೇ ಬಾಗಿಲಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ., ದ್ವಿತೀಯ ಪಿ.ಯು.ಸಿ.ಗಳಿಗೆ ಒಂದೇ ವರ್ಷ ಮೂರು ಪರೀಕ್ಷೆಗಳನ್ನು ನಡೆಸಲಾಯಿತು. ಮೊದಲ ಸಲ ಎಡವಿದವರು ವರ್ಷ ಕಳೆದುಕೊಳ್ಳದೆ ಮತ್ತೆ ಬರೆಯಬಹುದಾಗಿದೆ. ಈ ಮಾತನ್ನು ಮಕ್ಕಳಿಗೆ ಫಲಿತಾಂಶದ ಮುನ್ನವೇ ಹೇಳಿಡಬೇಕು, ಬಂದ ಮೇಲೆ ಅಲ್ಲ.

ಸಂಗೀತದ ಪರೀಕ್ಷೆಗೆ ಅರ್ಜಿ ತುಂಬುವ ಕಾಲ ಬಂದಾಗ ಗುರುಗಳು ಸಾಮಾನ್ಯವಾಗಿ ತಂದೆತಾಯಿಗಳನ್ನು ಕೇಳುತ್ತಾರೆ, "ಈ ವರ್ಷ ಕಟ್ಟಿಸೋಣವೆ?" ತಂದೆತಾಯಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಉತ್ತರ ಹೇಳಿಬಿಡುತ್ತಾರೆ. ಇನ್ನು ಮುಂದೆ ಒಂದು ದಿನದ ಅವಕಾಶವನ್ನು ಕೇಳಿಕೊಂಡು ಮನೆಗೆ ಬಂದು, ಊಟವಾದ ಮೇಲೆ, ಮಗುವನ್ನೇ ಕೇಳಬಹುದು. ಬರೆಯುತ್ತೇನೆ ಎಂದರೆ ಸಂತೋಷ. ಮುಂದಿನ ವರ್ಷ ಎಂದರೆ, ಹಾಗೆಂದು ಗುರುಗಳಿಗೆ ತಿಳಿಸುವ ಕೆಲಸವನ್ನು ಮಗುವಿನ ತಲೆಗೆ ಕಟ್ಟದೆ ತಂದೆಯೇ ಮಾಡಬೇಕು.